ಮೂರು ಗಂಟೆಯ ಬಾಗಿಲು

ಟೆಂಡರ್ ಪೆಟ್ಟಿಗೆಯ ಬಾಯಿಗೆ ಬಟ್ಟೆ ಬಿಗಿದು ಸುರಿದ ಅರಗು ಇನ್ನೂ ಆರಿರಲಿಲ್ಲ. ಜವಾನ ಅದರ ಮೇಲೆ ಹಿತ್ತಾಳೆಯ ಮುದ್ರೆ ಒತ್ತಿ ಕೈ ತೆಗೆಯುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಬಂದು ನಿಂತಿದ್ದ. ಮೂವತ್ತೈದರ ಆಸುಪಾಸಿನವನು. ಎರಡೂ ಕೈಯಲ್ಲಿ ಎತ್ತಿ ಹಿಡಿದ, ಟೆಂಡರಿನ ಕಾಗದದ ಒಂದು ತಗಡಿನ ಟ್ರಂಕು, ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಏನೋ ಹೇಳಲು ಬಾಯಿ ತೆರೆದ. ಉಸಿರಿನ ಹೊರತು ಏನೂ ಬರಲಿಲ್ಲ.

ತಿರುಮಲೇಶ ಕೈಗಡಿಯಾರ ನೋಡಿಕೊಂಡರು. ಮೂರು ಗಂಟೆ ನಾಲ್ಕು ನಿಮಿಷ.

"ಪಾಪ, ಏಳು ಮಹಡಿ ಹತ್ತಿ ಬಂದ ಹಾಗಿದೆ," ಎಂದರು ಮೇಜಿನ ಆ ತುದಿಯಲ್ಲಿದ್ದ ಮುಖ್ಯ ಎಂಜಿನಿಯರ್ ಗುಪ್ತೆ. "ಹತ್ತು ನಿಮಿಷ ಬಿಟ್ಟುಕೊಡೋಣವೇ ತಿರುಮಲೇಶ್ ಸಾಬ್? ನೀವು ಹೇಳಿದ ಹಾಗೆ."

ಕೋಣೆಯಲ್ಲಿ ಕೂತಿದ್ದ ಮೂರು ಕಂಪನಿಗಳವರು ಇವರತ್ತ ತಿರುಗಿದರು. ಗುಮಾಸ್ತ ಪೆನ್ನು ಎತ್ತಿ ಹಿಡಿದು ಕಾದ.

"ಬಿಡೋದಕ್ಕೆ ಅದು ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಮೂರು ಗಂಟೆ ಅಂದರೆ ಮೂರು ಗಂಟೆ. ಬಾಗಿಲು ಹಾಕಿಸಿ."

ಗುಪ್ತೆ ತಲೆಯಾಡಿಸಿದರು. ಗುಮಾಸ್ತ ಬರೆದುಕೊಂಡ.

ಗುಡ್ಡದ ಬುಡದಲ್ಲಿ ಹಾದು ಪಶ್ಚಿಮದ ಉಪನಗರಗಳಿಗೆ ನೀರು ತರುವ ಸುರಂಗದ ಟೆಂಡರು ಅದು. ಸಾಲ ಕೊಡುವ ವಿದೇಶಿ ಬ್ಯಾಂಕು ಒಂದು ಷರತ್ತು ಹಾಕಿತ್ತು. ಪೆಟ್ಟಿಗೆ ಮುಚ್ಚುವಾಗಿನಿಂದ ಕೆಲಸ ಒಪ್ಪಿಸುವ ತನಕ ಕಚೇರಿಗೆ ಸಂಬಂಧಪಡದ ಒಬ್ಬ ಜೊತೆಗಿದ್ದು ನೋಡಬೇಕು, ಎಲ್ಲರಿಗೂ ಒಂದೇ ನ್ಯಾಯ ಸಿಕ್ಕಿತೆಂದು ಬರೆದುಕೊಡಬೇಕು. ಸಿಗಲಿಲ್ಲವೆಂದು ಬರೆದು, ಬ್ಯಾಂಕು ಅದನ್ನು ಒಪ್ಪಿದರೆ ಟೆಂಡರು ಮತ್ತೆ ಕರೆಯಬೇಕು. ಕಣ್ಣಾರೆ ಕಂಡದ್ದನ್ನು, ಇಲ್ಲವೇ ಯಾರಾದರೂ ಸಹಿ ಮಾಡಿ ಕೊಟ್ಟದ್ದನ್ನು ಮಾತ್ರ ಅವನು ಬರೆಯಬಹುದು. ರೈಲ್ವೆಯ ಉಗ್ರಾಣ ವಿಭಾಗದಿಂದ ನಿವೃತ್ತರಾಗಿ ಮಲಾಡಿನಲ್ಲಿದ್ದ ತಿರುಮಲೇಶರನ್ನು ಈ ಕೆಲಸಕ್ಕೆ ಆರಿಸಿದವರು ಗುಪ್ತೆಯವರೇ.

ಆರಿಸಲು ಕಾರಣವಿತ್ತು. ಹಿಂದಿನ ವರ್ಷ ಕನ್ನಡ ಸಂಘದವರು ಸನ್ಮಾನ ಮಾಡಿದಾಗ ತಿರುಮಲೇಶ ತಮ್ಮ ಸೇವೆಯ ಒಂದು ಪ್ರಸಂಗ ಹೇಳಿದ್ದರು. ಸ್ವಂತ ಹೆಂಡತಿಯ ತಮ್ಮ ಕಿಟ್ಟು, ರೈಲು ಹಳಿಯ ಕೆಳಗೆ ಹಾಕುವ ಮರದ ಸ್ಲೀಪರುಗಳ ಟೆಂಡರನ್ನು ಎರಡು ನಿಮಿಷ ತಡವಾಗಿ ತಂದಿದ್ದ. ಇವರು ತೆಗೆದುಕೊಳ್ಳಲಿಲ್ಲ. "ನಮ್ಮೂರಲ್ಲಿ ನೀರುಗಂಟಿ ಕೆರೆಯ ತೂಬು ಮುಚ್ಚಿದ ಮೇಲೆ ಪಟೇಲರ ಗದ್ದೆಗೂ ಒಂದು ಬೊಗಸೆ ಬಿಡ್ತಿರಲಿಲ್ಲ. ನಾನು ಕಲಿತದ್ದು ಅವನ ಹತ್ತಿರ," ಎಂದಾಗ ಜನ ಚಪ್ಪಾಳೆ ತಟ್ಟಿದ್ದರು. ಅತಿಥಿಯಾಗಿ ಬಂದಿದ್ದ ಗುಪ್ತೆಗೆ ಪಕ್ಕದವರು ಅದನ್ನು ಹಿಂದಿಯಲ್ಲಿ ಹೇಳಿದರು. ಗುಪ್ತೆ ಎದ್ದು ಬಂದು ಕೈಕುಲುಕಿದ್ದರು. ಕಿಟ್ಟು ಆ ಟೆಂಡರು ನಂಬಿ ಸಾಲ ಮಾಡಿ ಮರ ಕೊಂಡಿದ್ದನೆಂಬುದನ್ನು, ಹನ್ನೊಂದು ವರ್ಷಗಳಿಂದ ತಮ್ಮ ಮನೆಯ ಹೊಸ್ತಿಲು ತುಳಿದಿಲ್ಲವೆಂಬುದನ್ನು ತಿರುಮಲೇಶ ಅಲ್ಲಿ ಹೇಳಿರಲಿಲ್ಲ.

ಲಕೋಟೆಗಳನ್ನು ಒಡೆದು ಓದಿದರು. ಎಲ್ಲರಿಗಿಂತ ಕಡಿಮೆ ಕೇಳಿದ್ದ ದೊಡ್ಡ ಕಂಪನಿಯದು ಕೂಡ ಕಚೇರಿಯ ಅಂದಾಜಿಗಿಂತ ಬಹಳ ಮೇಲಿತ್ತು. ಮುಗಿಸಿ ಹೊರಬಂದಾಗ ಆ ಮನುಷ್ಯ ಪಡಸಾಲೆಯಲ್ಲಿ ಟ್ರಂಕಿನ ಮೇಲೆ ಕೂತಿದ್ದ. ತನ್ನ ಹೆಸರು ಪರುಳೇಕರ್ ಎಂದ.

"ನಮ್ಮದು ಇದಕ್ಕಿಂತ ತುಂಬ ಕಡಿಮೆ ಇತ್ತು ಸಾಬ್. ಎರಡೂ ಐವತ್ತಕ್ಕೆ ಕೆಳಗೆ ನಿಂತಿದ್ದೆ. ಲಿಫ್ಟ್ ಬರಲೇ ಇಲ್ಲ."

"ಹತ್ತು ನಿಮಿಷ ಮುಂಚೆ ಹೊರಡಬೇಕಿತ್ತು," ಎಂದರು ತಿರುಮಲೇಶ. ತಡವಾಗಿ ಬಂದವರೆಲ್ಲ ಹೇಳುವ ಮಾತು ಅದು. ಕಿಟ್ಟು ಕೂಡ ಲೋಕಲ್ ರೈಲು ನಿಂತುಹೋಯಿತು ಎಂದಿದ್ದ.

ಆರು ದಿನ ಬಿಟ್ಟು ಕಡತ ನೋಡಲು ಹೋದಾಗ ಲಿಫ್ಟಿನಲ್ಲಿ ಅವರೊಬ್ಬರೇ ಇದ್ದರು. ಲಿಫ್ಟು ನಡೆಸುವ ಸಾಯಬಣ್ಣ ಯಾದಗಿರಿ ಕಡೆಯವನು. ಇವರ ಬಾಯಲ್ಲಿ ಕನ್ನಡ ಕೇಳಿದ ಮೊದಲ ದಿನದಿಂದ ಸ್ಟೂಲಿನಿಂದ ಎದ್ದು ನಿಲ್ಲುತ್ತಿದ್ದ. ಇವರು ಬೇಡವೆಂದರೂ ಕೇಳುತ್ತಿರಲಿಲ್ಲ.

"ಸಾಹೇಬ್ರ, ಒಂದ ಮಾತ ಕೇಳ್ಲೇನ್ರಿ? ಅವತ್ತ ಟ್ರಂಕ್ ತಂದಿದ್ದ ಮನಷ್ಯಾನ ಕಾಗದಾ ತಗೋಳಲಿಲ್ಲಂತಲ್ರಿ?"

"ತಡವಾಗಿ ಬಂದ್ರು. ಹ್ಯಾಗೆ ತಗೊಳ್ಳೋದು?"

ನಾಲ್ಕನೆಯ ಮಹಡಿ ಜಾಲರಿ ಬಾಗಿಲಿನಾಚೆ ಕೆಳಗೆ ಸರಿಯಿತು.

"ಆ ಮನಷ್ಯಾ ತಡಾ ಮಾಡಿಲ್ರಿ. ಲಿಫ್ಟ ಮಾಡ್ಯದ. ಎರಡೂ ಮುಕ್ಕಾಲಿಗೆ ಕಾಂಬಳೆ ಸಾಹೇಬ್ರು ಬಂದು, ಮ್ಯಾಲ ಏಳರಾಗ ಬಾಗಲಾ ತಗದಿಟ್ಟು ನಿಲ್ಲು, ನಾ ಹೇಳೋತನಕ ಇಳೀಬ್ಯಾಡ ಅಂದ್ರು. ಬಾಗಲಾ ತಗದಿದ್ರ ಇದು ಅಲ್ಲಾಡಂಗಿಲ್ಲರಿ. ಗಂಟಿ ಹೊಡದೇ ಹೊಡೀಲಾಕತ್ತಿತ್ತು. ಇನ್ನೊಂದ ಲಿಫ್ಟ ಆರ ತಿಂಗಳಿಂದ ಕೆಟ್ಟ ಬಿದ್ದದ." ಅವನು ಹಿಡಿಕೆ ತಿರುಗಿಸಿ ಲಿಫ್ಟು ನಿಲ್ಲಿಸಿದ. "ಟೆಂಡರಿಂದು ನನಗೇನ ಗೊತ್ರಿ. ದೊಡ್ಡ ಸಾಹೇಬ್ರು ಯಾರೋ ಇಳೀತಾರ ಅಂದ್ಕೊಂಡೆ. ಏಳು ಬಂತ್ರಿ."

ಕಾಂಬಳೆ ಗುಪ್ತೆಯ ಆಪ್ತ ಸಹಾಯಕ. ತಿರುಮಲೇಶ ಹೊರಗೆ ಕಾಲಿಟ್ಟವರು ಪಡಸಾಲೆಯ ಕಿಟಕಿಯ ಹತ್ತಿರ ನಿಂತುಬಿಟ್ಟರು. ಹತ್ತು ನಿಮಿಷ ಬಿಟ್ಟುಕೊಡೋಣವೇ ಎಂದು ಗುಪ್ತೆ ಎಲ್ಲರೆದುರು ಕೇಳಿದ್ದು, ಗುಮಾಸ್ತನ ಪೆನ್ನು ಕಾದದ್ದು, ತಾವು ಕೊಟ್ಟ ಉತ್ತರ ಎಲ್ಲವೂ ಒಂದರ ಹಿಂದೆ ಒಂದು ಬಂದವು. ಬೇರೆ ಯಾರೇ ಆಗಿದ್ದರೂ ನಾಲ್ಕು ನಿಮಿಷಕ್ಕೆ ಒಪ್ಪಿಬಿಡುತ್ತಿದ್ದರೇನೋ. ಒಪ್ಪದವನು ಬೇಕಾಗಿತ್ತು ಗುಪ್ತೆಗೆ.

ರಾತ್ರಿಯ ಊಟ ಬಡಿಸುತ್ತ ಹೆಂಡತಿ ಪುಟ್ಟಲಕ್ಷ್ಮಿ ಎಲ್ಲ ಕೇಳಿಸಿಕೊಂಡರು.

"ಸಂಘದಲ್ಲಿ ನಮ್ಮ ಕಿಟ್ಟೂನ ಮೆರವಣಿಗೆ ಮಾಡಿದ್ರಲ್ಲ," ಎಂದರು. "ಆ ಕಥೆಗೆ ಗಿರಾಕಿ ಸಿಕ್ಕಿದಾನೆ ನೋಡಿ."

"ಈಗ ಅದೇಕೆ?"

"ಮತ್ಯಾವಾಗ ಹೇಳ್ಲಿ? ಹನ್ನೊಂದು ವರ್ಷದಿಂದ ಹೇಳಿಲ್ಲ. ಸಾರು ಹಾಕ್ಲಾ?"

ತಿರುಮಲೇಶ ತಟ್ಟೆಯನ್ನು ಮುಂದೆ ಸರಿಸಿದರು. "ಸಾಯಬಣ್ಣ ಸಹಿ ಮಾಡಿ ಕೊಟ್ರೆ ಬರೀಬಹುದು. ಟೆಂಡರು ಮತ್ತೆ ಕರೀಲೇಬೇಕಾಗುತ್ತೆ."

"ಅವನಿಗೇನಾಗುತ್ತೆ?"

"ಏನಾಗುತ್ತೆ? ನಿಜ ಹೇಳಿದೋರನ್ನ ಕಾಪಾಡಬೇಕು ಅಂತ ಬ್ಯಾಂಕಿನೋರು ನಿಯಮ ಮಾಡಿದಾರೆ."

"ನಿಯಮ," ಎಂದರು ಪುಟ್ಟಲಕ್ಷ್ಮಿ, ಸಾರು ಹಾಕುತ್ತ.

ಭಾನುವಾರ ದಾದರಿನಲ್ಲಿ ಲೋಕಲ್ ಬದಲಿಸಿ ಭಾಂಡುಪಿಗೆ ಹೋದರು. ಸಾಯಬಣ್ಣನ ಖೋಲಿ ಗುಡ್ಡದ ಓರೆಯಲ್ಲಿತ್ತು. ದಾರಿಯುದ್ದಕ್ಕೂ ಬಿಂದಿಗೆಗಳ ಸಾಲು. ನಲ್ಲಿಯಲ್ಲಿ ನೀರು ಬರುವ ಹೊತ್ತಂತೆ. ಇವರನ್ನು ಕಂಡು ಸಾಯಬಣ್ಣ ಗಾಬರಿಯಾದ. ಆಮೇಲೆ ಗಾಬರಿಯನ್ನು ಮುಚ್ಚಿಡುವಂತೆ ಓಡಾಡಿ ಚಾಪೆ ಹಾಸಿದ, ಮೇಲೊಂದು ಕೌದಿ ಹಾಸಿದ. ಹೆಂಡತಿ ಹನುಮವ್ವ ಚೊಂಬಿನಲ್ಲಿ ನೀರು ತಂದಿಟ್ಟಳು. ಪಕ್ಕದ ಖೋಲಿಯ ಮಲ್ಲಕ್ಕ ಬಾಗಿಲಲ್ಲಿ ಇಣುಕಿ, "ನಿಮ್ಮ ಸಾಹೇಬ್ರೇನ? ಸಕ್ರಿ ಬೇಕಾದ್ರ ಹೇಳ," ಎಂದು ಹೋದಳು.

ತಿರುಮಲೇಶ ಬಂದ ಕೆಲಸ ಹೇಳಿದರು. ಸಾಯಬಣ್ಣ ನೆಲ ನೋಡುತ್ತ ಕೇಳಿದ.

"ಒಂಬತ್ತ ವರ್ಷ ಆತ್ರಿ ಬದಲಿ ಮ್ಯಾಲ ದುಡೀಲಾಕತ್ತು. ಈ ಜನವರಿ ಪಟ್ಟಿಯಾಗ ನನ್ನ ಹೆಸರದ. ಕಾಯಂ ಆಗ್ತೀನಿ ಅಂತ ಹೇಳ್ಯಾರ."

"ಗೊತ್ತು. ನಿನ್ನ ಕೆಲಸಕ್ಕೆ ಕೈ ಹಾಕೋ ಹಾಗಿಲ್ಲ. ನಿಯಮದಲ್ಲೇ ಇದೆ."

ಹನುಮವ್ವ ಚಹದ ಬಸಿಗಳನ್ನು ಇಟ್ಟು ಅಲ್ಲೇ ಗೋಡೆಗೊರಗಿ ಕೂತಳು.

"ಸಾಹೇಬ್ರ, ನೀವು ಬರದ್ರ ಆ ಟ್ರಂಕಿನವಗ ಕೆಲಸಾ ಸಿಗತದೇನ್ರಿ?"

ತಿರುಮಲೇಶರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಸಿಗುತ್ತೆ ಅಂತ ಹೇಳಕ್ಕಾಗಲ್ಲ. ಮತ್ತೆ ಎಲ್ಲರನ್ನೂ ಕರೀತಾರೆ."

"ಕರದ ಮ್ಯಾಲ ಮತ್ತ ಆ ದೊಡ್ಡ ಮಂದೀನೇ ತಗೋಬಹುದಲ್ರಿ?"

"ತಗೋಬಹುದು."

"ಹಂಗಾದ್ರ ನಮ್ಮ ಹೆಸರ ಯಾತಕ್ರಿ?"

"ನಡೆದದ್ದನ್ನ ನಡೆದ ಹಾಗೆ ಬರೀಬೇಕಲ್ಲಮ್ಮ. ಬರೀದೆ ಇದ್ರೆ ನಾನು ಅಲ್ಲಿ ಕೂತದ್ದಕ್ಕೆ ಅರ್ಥ ಏನು?"

ಹನುಮವ್ವ ಅವರ ಮುಖ ನೋಡಿದಳು. "ನೀವು ಕೂತಿದ್ದಕ್ಕ," ಎಂದು ಅಷ್ಟೇ ಅಂದಳು. ಕೇಳಿದಳೋ, ಹೇಳಿದಳೋ ತಿಳಿಯಲಿಲ್ಲ.

"ಸುಮ್ಕಿರು," ಎಂದ ಸಾಯಬಣ್ಣ. "ಅಷ್ಟ ದೂರದಿಂದ ಬಂದಾರ. ಮನಿ ಬಾಗಲಿಗೆ ಬಂದು ಕೇಳ್ದವರಿಗೆ ಇಲ್ಲ ಅನ್ನಾದು ನಮ್ಮವ್ವ ಕಲಿಸಿಲ್ಲ. ಎಲ್ಲಿ ಮಾಡ್ಲಿ ಹೇಳ್ರಿ."

ಕಾಗದವನ್ನು ತಿರುಮಲೇಶ ಮೊದಲೇ ಬರೆದು ತಂದಿದ್ದರು. ಎರಡು ಸಲ ಓದಿ ಹೇಳಿದರು. ಅವನು ನೆಲದ ಮೇಲೆ ಬಗ್ಗಿ, ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದ. ಅಷ್ಟೂ ಹೊತ್ತು ಹನುಮವ್ವ ಬಾಗಿಲಾಚೆ ನೋಡುತ್ತಿದ್ದಳು. ತಿರುಮಲೇಶರಿಗೆ ಒಂದು ಗಳಿಗೆ ಕಾಗದ ಹಿಂದಕ್ಕೆ ಕೊಟ್ಟುಬಿಡಬೇಕೆನ್ನಿಸಿತು. ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಸೋಮವಾರ ಗುಪ್ತೆ ವರದಿಯನ್ನು ಪೂರ್ತಿ ಓದಿದರು. ಸಾಯಬಣ್ಣನ ಕಾಗದವನ್ನೂ ಓದಿದರು. ಮುಖ ಬಿಗಿಯಲಿಲ್ಲ. ಚಹ ತರಿಸಿದರು.

"ಚೆನ್ನಾಗಿ ಬರೆದಿದ್ದೀರಿ. ಬ್ಯಾಂಕಿಗೆ ಹೀಗೇ ಕಳಿಸುತ್ತೇನೆ, ಒಂದು ಅಕ್ಷರ ತೆಗೆಯುವುದಿಲ್ಲ. ಜೊತೆಗೆ ಆ ದಿನದ ನಡಾವಳಿ ಹೋಗುತ್ತದೆ, ಅಷ್ಟೆ. ನಾನು ಹತ್ತು ನಿಮಿಷ ಕೊಡೋಣ ಅಂದೆ. ಸ್ವತಂತ್ರ ವೀಕ್ಷಕರು ಬೇಡವೆಂದರು. ಮೂರು ಕಂಪನಿಯವರ ಸಹಿ ಇದೆ."

"ಲಿಫ್ಟ್ ನಿಲ್ಲಿಸಿದ್ದು ನನಗೆ ಗೊತ್ತಿರಲಿಲ್ಲ."

"ಲಿಫ್ಟು ಟೆಂಡರಿನ ಭಾಗ ಅಲ್ಲವಲ್ಲ ತಿರುಮಲೇಶ್ ಸಾಬ್. ಮೆಟ್ಟಿಲು ತೆರೆದೇ ಇತ್ತು. ಅವನು ಹತ್ತಿ ಬಂದನಲ್ಲ?" ಗುಪ್ತೆ ಬಸಿಯನ್ನು ಇವರತ್ತ ಸರಿಸಿದರು. "ಹತ್ತು ನಿಮಿಷ ಮುಂಚೆ ಹೊರಡಬೇಕಿತ್ತು. ನೀವೇ ಅವನಿಗೆ ಹಾಗೆ ಹೇಳಿದಿರಂತೆ."

ಗುಪ್ತೆ ಮಾತು ತಪ್ಪಲಿಲ್ಲ. ವರದಿ ಬರೆದಂತೆಯೇ ಬ್ಯಾಂಕಿಗೆ ಹೋಯಿತು. ಐದು ವಾರಕ್ಕೆ ಉತ್ತರದ ಪ್ರತಿ ಮಲಾಡಿನ ಮನೆಗೆ ಬಂತು. ವೀಕ್ಷಕರ ಕಳಕಳಿಯನ್ನು ಗಮನಿಸಲಾಗಿದೆ. ಗಡುವಿನ ವಿಷಯದಲ್ಲಿ ಅವರು ತೋರಿದ ನಿಷ್ಠುರತೆ ಶ್ಲಾಘನೀಯ. ಪ್ರಕ್ರಿಯೆ ನಿಯಮಬದ್ಧವಾಗಿದ್ದು ಕೆಲಸ ಒಪ್ಪಿಸಲು ಅಡ್ಡಿಯಿಲ್ಲ. ತಿರುಮಲೇಶ ಅದನ್ನು ಊಟದ ಮೇಜಿನ ಮೇಲಿಟ್ಟರು. ಪುಟ್ಟಲಕ್ಷ್ಮಿ ಓದಿ, ಗಾಳಿಗೆ ಹಾರದಂತೆ ಅದರ ಮೇಲೆ ಉಪ್ಪಿನ ಜಾಡಿ ಇಟ್ಟರು.

ಜನವರಿಯ ಪಟ್ಟಿಯಲ್ಲಿ ಸಾಯಬಣ್ಣನ ಹೆಸರಿರಲಿಲ್ಲ. ಕೆಲಸದ ವೇಳೆಯಲ್ಲಿ ಲಿಫ್ಟನ್ನು ಇಪ್ಪತ್ತು ನಿಮಿಷ ನಿಲ್ಲಿಸಿದ್ದೆನೆಂದು ತಾನೇ ಬರೆದುಕೊಟ್ಟಿದ್ದರಿಂದ ಅವನನ್ನು ತೆಗೆದುಹಾಕಿದ್ದರು. ನಿಲ್ಲಿಸಲು ಹೇಳಿದವರು ಯಾರೆಂಬ ಪ್ರಶ್ನೆಗೆ ಕಾಂಬಳೆ, ಆ ಮಧ್ಯಾಹ್ನ ತಾನು ರಜೆಯಲ್ಲಿದ್ದೆನೆಂದು ಹಾಜರಿ ಪುಸ್ತಕ ತೋರಿಸಿದ್ದ. ತಿರುಮಲೇಶ ಬ್ಯಾಂಕಿಗೆ ಮೂರು ಪತ್ರ ಬರೆದರು. ನಿಯಮದ ಸಂಖ್ಯೆ ನಮೂದಿಸಿ ಬರೆದರು. ಮೊದಲನೆಯದಕ್ಕೆ ಮಾತ್ರ ತಲುಪಿದೆ ಎಂದು ಉತ್ತರ ಬಂತು.

ಫೆಬ್ರವರಿಯಲ್ಲಿ ಮತ್ತೆ ಭಾಂಡುಪಿಗೆ ಹೋದರು. ಖೋಲಿಗೆ ಬೀಗವಿತ್ತು. ಮಲ್ಲಕ್ಕ ಈ ಸಲ ಸಕ್ಕರೆಯ ಮಾತೆತ್ತಲಿಲ್ಲ.

"ಪವಾಯಿ ಕಡೀಗೆ ಹೋಗ್ಯಾರ್ರಿ. ಸುರಂಗದ ಕೆಲಸಾ ಸುರು ಆಗ್ಯದಲ್ರಿ, ಗಂಡಾ ಹೆಂಡ್ತಿ ಇಬ್ರಿಗೂ ಕೂಲಿ ಸಿಕ್ಕದ. ಅಲ್ಲೇ ಶೆಡ್ಡಿನಾಗ ಇರ್ತಾರ."

ಗುಡ್ಡದ ಬುಡದಲ್ಲಿ ಅಗೆದ ಬಾಯಿ ದೂರಕ್ಕೇ ಕಾಣುತ್ತಿತ್ತು. ಒಳಗಿನಿಂದ ಸಿಡಿದ ಕಲ್ಲನ್ನು ಗಂಡಸರು ಹೊರಗೆ ತಂದು ಸುರಿಯುತ್ತಿದ್ದರು. ಹೆಂಗಸರು ಬುಟ್ಟಿ ತುಂಬಿ, ಹಳ್ಳಕ್ಕೆ ಅಡ್ಡ ಹಾಕಿದ ಹಲಗೆಯ ಮೇಲೆ ಸಾಲಾಗಿ ಹೊತ್ತು ಬರುತ್ತಿದ್ದರು. ಎಲ್ಲರ ಮುಖಕ್ಕೂ ಒಂದೇ ಬಿಳಿ ಧೂಳು. ತಿರುಮಲೇಶ ಹಲಗೆಯ ಈಚೆ ತುದಿಯಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡಿದರು. ನಾಲ್ಕನೆಯವಳು ಹನುಮವ್ವ.

"ಹನುಮವ್ವ, ಸಾಯಬಣ್ಣ ಎಲ್ಲಿ?"

"ಒಳಗರಿ. ಸಂಜಿಗೆ ಬರ್ತಾನ."

"ನಾನು ಬ್ಯಾಂಕಿಗೆ ಬರೆದಿದೀನಿ. ಮೂರು ಸಲ ಬರೆದೆ..."

ಅವಳ ಹಿಂದೆ ಹಲಗೆಯ ಮೇಲೆ ಸಾಲು ನಿಂತುಬಿಟ್ಟಿತ್ತು. ತೂಕಕ್ಕೆ ಹಲಗೆ ನಡು ಬಗ್ಗಿ ಕಿರುಗುಟ್ಟಿತು. ಹಿಂದಿನವಳು ಯಾರೋ ಮರಾಠಿಯಲ್ಲಿ ಬೈದಳು.

"ದಾರ್ಯಾಗ ನಿಂದ್ರಬ್ಯಾಡ್ರಿ ಸಾಹೇಬ್ರ," ಎಂದಳು ಹನುಮವ್ವ, ಸಿಟ್ಟಿಲ್ಲದೆ. "ಮಂದಿ ಬರ್ಲಾಕತ್ತಾರ."

ತಿರುಮಲೇಶ ಪಕ್ಕಕ್ಕೆ ಸರಿದರು. ಅವಳು ಹಾದುಹೋದಳು. ಅವಳ ಹಿಂದೆ ಮತ್ತೊಬ್ಬಳು, ಅವಳ ಹಿಂದೆ ಇನ್ನೊಬ್ಬಳು, ಬುಟ್ಟಿ ಅಲುಗದಂತೆ ಕತ್ತು ಬಿಗಿಹಿಡಿದು, ಎದುರಿಗಷ್ಟೇ ನೋಡುತ್ತ.