ಮೂರನೇ ಸಲ ಹೆಸರು ಓದುವ ಮುಂಚೆ

ಮದ್ದೂರಿನ ಲೂರ್ದಮ್ಮನ ಮನೆಯಲ್ಲಿ ಮಗನ ಮದುವೆಯ ಗಡಿಬಿಡಿ. 1976ರ ಫೆಬ್ರವರಿ. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾದರೆ ಕ್ರೈಸ್ತರಲ್ಲಿ ಮದುವೆ ಮಾಡುವುದಿಲ್ಲ. ಮದುವೆಗೆ ಮೊದಲು ಚರ್ಚಿನ ಗುಡಿಯಲ್ಲಿ ಮೂರು ಭಾನುವಾರ ಗಂಡು-ಹೆಣ್ಣಿನ ಹೆಸರು ಓದಬೇಕು. ಅಡ್ಡಿ ಗೊತ್ತಿದ್ದವರು ಹೇಳಬೇಕು. ಎರಡು ಸಲ ಓದಿಯಾಗಿತ್ತು. ನಾಳೆ ಕೊನೆಯದು.

ಮಗ ಇನ್ನಾಸಪ್ಪ ಮೊದಲೇ ಹೇಳಿದ್ದ: "ನಂಗೆ ಹೆಣ್ಣಿನ ಮ್ಯಾಲೆ ಮನ್ಸು ಬರಕಿಲ್ಲ ಕಣವ್ವ. ಗಂಡಸ್ರ ಮ್ಯಾಲೇ ಬರದು. ಈ ಮದ್ವೆ ಬ್ಯಾಡ."

"ಮದ್ವೆ ಆದ್ರೆ ಎಲ್ಲಾ ಸರಿಯಾಯ್ತದೆ, ಬುಡು" ಎಂದು ಲೂರ್ದಮ್ಮ ಪಾದ್ರಿಗಳಿಗೆ ಹೆಸರು ಕೊಟ್ಟು ಬಂದಿದ್ದಳು. ಈಗ ಅವಳಿಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಸಂಜೆ ಅವಳ ದೊಡ್ಡಪ್ಪನ ಮಗ ಚೌರಪ್ಪ ಬಂದರು. ಗುಡಿಯಲ್ಲಿ ಧರ್ಮಪಾಠ ಹೇಳುವ ಉಪದೇಶಿ ಅವರು. ಲೂರ್ದಮ್ಮ ಮಗ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದಳು.

"ಅಣ್ಣ, ಇಂಥದ್ದು ಪಾಪ ಅಂತ ರೋಮಿಂದ ಕಾಗದ ಬಂದದಂತೆ. ಸುಳ್ಳಾ?"

"ಸುಳ್ಳಲ್ಲ ಕಣಮ್ಮ. ಅಂಥ ಕೂಟ ತಪ್ಪು ಅಂತಲೇ ಅದೆ. ಆದ್ರೆ ಅಂಥೋರ್ನ ಅರ್ಥ ಮಾಡ್ಕೊಂಡು ನಡೆಸ್ಕೋಬೇಕು ಅಂತಲೂ ಅದ್ರಲ್ಲೇ ಅದೆ. ಆ ಸಾಲು ಯಾರ ಕಿವಿಗೂ ಬೀಳಲ್ಲ."

"ಈ ಬೋಧನೆ ಬದಲಾಯ್ತದಾ?"

"ನಂಗೊತ್ತಿಲ್ಲ. ಮಾತು ಬದಲಾಗಿದ್ದು ಗೊತ್ತು. ಶುಭ ಶುಕ್ರವಾರದ ಲ್ಯಾಟಿನ್ ಪ್ರಾರ್ಥನೆಲಿ ಯೆಹೂದ್ಯರನ್ನ 'ವಿಶ್ವಾಸಗೆಟ್ಟವರು' ಅಂತಿದ್ರು. ಐವತ್ತೊಂಬತ್ತರಲ್ಲಿ ಪೋಪರು ಆ ಪದ ತೆಗೆಸಿದ್ರು."

"ಅದ್ನ ತೆಗ್ಯಕ್ಕೆ ಎಷ್ಟ್ ಕಾಲ ಹಿಡೀತು?"

"ನೂರಾರು ವರ್ಸ."

"ಥೂ! ನೂರಾರು ವರ್ಸ ಯಾರ್ ಕಾಯ್ತಾರೆ? ನಾಳೆ ಬೆಳಿಗ್ಗೆ ಏನ್ ಮಾಡ್ಲಿ ಯೇಳು!"

ಚೌರಪ್ಪ ದನಿ ತಗ್ಗಿಸಿದರು. "ಹಳೇ ಬೋಧನೆ ಇನ್ನೊಂದದೆ. ಇಬ್ರೂ ಮನಸಾರೆ ಒಪ್ಪದಿದ್ರೆ ಅದು ಮದುವೆಯೇ ಅಲ್ಲ. ಮಳವಳ್ಳಿ ಹುಡುಗೀನ ಮಗನಿಗೆ ಔಷಧಿ ಅಂದ್ಕೊಂಡು ಸೊಸೆ ಮಾಡ್ಕೋತಿದ್ದೀಯಲ್ಲ, ಅವಳ ಗತಿ? ಅಡ್ಡಿ ಗೊತ್ತಿರೋಳು ನೀನೇ."

"ಜನ ಏನಂದಾರು?"

"ಅಂತಾರೆ. ಊರಿಗೆಲ್ಲ ಕಾರಣ ಸಾರಬ್ಯಾಡ. ಹುಡುಗ ಒಪ್ಪಿಲ್ಲ ಅನ್ನು, ಸಾಕು."

ಬೆಳಿಗ್ಗೆ ಪೂಜೆಯ ಗಂಟೆಗೆ ಮುಂಚೆಯೇ ಲೂರ್ದಮ್ಮ ಪಾದ್ರಿಗಳ ಮುಂದೆ ನಿಂತಳು. "ಓದಬ್ಯಾಡಿ ಸ್ವಾಮಿ. ನನ್ನ ಮಗ ಒಪ್ಪಿಲ್ಲ. ಬಲವಂತ ಮಾಡಿದ್ದು ನಾನು."

ಪಾದ್ರಿಗಳು ಹೆಸರಿನ ಚೀಟಿ ಮಡಚಿಟ್ಟರು. "ಹೆಣ್ಣಿನ ಮನೆಗೆ ಯಾರು ಹೇಳ್ತಾರೆ?"

"ನಾನೇ ಓಯ್ತೀನಿ."

ಮಳವಳ್ಳಿ ಬಸ್ಸಿಗೆ ಇನ್ನಾಸಪ್ಪನೂ ಹತ್ತಿದ.

"ನೀನ್ಯಾಕ್ಲಾ ಬಂದೆ?"

"ಬೈಗುಳ ಒಬ್ಳೇ ತಿಂತೀಯಾ? ಇಬ್ರೂ ಹಂಚ್ಕೊಳವ ಕಣವ್ವ."

ತಾಯಂದಿರೇ, ತಂದೆಯರೇ, ಬೋಧನೆ ಬದಲಾದೀತೇ ಎಂದು ಗುರುಗಳನ್ನು ಕೇಳುತ್ತಲೇ ಇರಿ. ಉತ್ತರ ತಡವಾಗಬಹುದು. ನಿಮ್ಮ ಮನೆಯ ಕೆಲಸ ತಡವಾಗಬಾರದು. ಮದುವೆ ಗೊತ್ತು ಮಾಡುವ ಮುಂಚೆ ಗಂಡನ್ನೂ ಹೆಣ್ಣನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಕೇಳಿ. ಬೇಡ ಎಂದರೆ ಅಲ್ಲಿಗೇ ನಿಲ್ಲಿಸಿ.