ಬಾಕಿ ಇದ್ದ ಒಂದು ಕೊಂಬು

ನಾನು ಮರ ಹತ್ತೋನು. ಇದನ್ನ ಮೊದ್ಲೇ ಹೇಳ್ಬುಡ್ತೀನಿ, ಯಾಕಂದ್ರೆ ಸರ್ಕಾರದ ಕಾಗದದಾಗೆ ಇವತ್ತಿಗೂ ಬೇರೇನೇ ಬರ್ದೈತೆ. ರಾಯಕೋಟೆ ರೋಡಿನ ಎರಡು ಮಗ್ಗುಲ ಹುಣಸೆಮರ ಒಂದೊಂದೂ ನಂಗೆ ಗೊತ್ತು. ಯಾವ ಕೊಂಬೆ ಬಸ್ಸಿನ ಟಾಪಿಗೆ ತಗಲ್ತದೆ, ಯಾವುದು ಒಳಗೇ ಲಡ್ಡಾಗಿ ಯಾರ ತಲೆ ಮ್ಯಾಲೆ ಬೀಳ್ಲಿ ಅಂತ ಕಾಯ್ತಾ ಐತೆ, ಕೆಳಗೆ ನಿಂತೇ ಹೇಳ್ತಿದ್ದೆ. ಸೊಂಟಕ್ಕೆ ಹಗ್ಗ ಕಟ್ಟಿ ಹತ್ತಿ, ತೊಗಟೆ ಸೀಳ್ಕೊಳ್ದೆ ಇರೋ ಹಂಗೆ ಗರಗಸ ಇಟ್ಟು, ಮಗೂನ ಇಳಿಸ್ದಂಗೆ ಕೊಂಬೆ ಇಳಿಸ್ತಿದ್ದೆ. ಹನ್ನೊಂದು ವರ್ಷ ಒಂದು ಪಂಚಾಯ್ತಿ ಆಫೀಸಿಗೆ ಇದೇ ಕೆಲ್ಸ ಮಾಡ್ದೆ. ಯಾವ ಆಫೀಸು ಅಂತ ಕೇಳ್ಬ್ಯಾಡಿ, ನಂಗೂ ಹೆಂಡ್ತಿ ಅವ್ಳೆ. ಎಲ್ಲಾ ದಿನಗೂಲಿ. ಕಾಲು ಜಾರಿ ಬಿದ್ರೆ ಅದು ನಮ್ಮನೆ ನಷ್ಟ, ಸರ್ಕಾರದ್ದಲ್ಲ.

ನಮ್ಮ ಹೊಸೂರು ಸೀಮೆ ತಮಿಳ್ನಾಡಿಗೆ ಸೇರಿದ್ದು. ಎಪ್ಪತ್ತೈದರಾಗೆ ಮದ್ರಾಸಿಂದ ತಮಿಳಲ್ಲಿ ಒಂದು ಆರ್ಡರ್ ಬಂತು. ‘ಕೊಂಬು ವೆಟ್ಟುಬವರ್’ ಒಬ್ಬ, ಪರ್ಮನೆಂಟ್ ಪೋಸ್ಟು ಅಂತ. ವೆಟ್ಟೋದು ಅಂದ್ರೆ ಕಡಿಯೋದು. ತಮಿಳ್ನೋರು ಮರದ ಕೊಂಬೆಗೂ ‘ಕೊಂಬು’ ಅಂತಾರೆ, ಎತ್ತಿನ ತಲೆ ಮ್ಯಾಲೆ ಇರೋದಕ್ಕೂ ‘ಕೊಂಬು’ ಅಂತಾರೆ. ಅದು ಅವ್ರ ಭಾಷೆ, ಅವ್ರಿಷ್ಟ. ಆದ್ರೆ ಆರ್ಡರ್ ಬಂದು ಬಿದ್ದಿದ್ದು ನಮ್ಮ ಗುಮಾಸ್ತ ಸುಬ್ಬರಾಮಯ್ಯನೋರ ಮೇಜಿನ ಮ್ಯಾಲೆ. ಅವ್ರದು ಹೊಸೂರಿನ ಹಳೇ ಮನೆತನ. ಓದಿದ್ದೆಲ್ಲಾ ಕನ್ನಡದಾಗೆ. ತಮಿಳ್ನ ನಲವತ್ತು ದಾಟಿದ ಮ್ಯಾಲೆ ಪರೀಕ್ಷೆ ಕಟ್ಟಿ, ಮೂರನೇ ಸಲಕ್ಕೆ ಪಾಸಾದೋರು. ಕನ್ನಡದಾಗೆ ಕೊಂಬು ಅಂದ್ರೆ ದನದ್ದೇ ತಾನೆ? ಸಂಬಳದ ಪಟ್ಟೀಲಿ ನನ್ನ ಹೆಸರಿನ ಮುಂದೆ ಇಂಗ್ಲಿಷಲ್ಲಿ ‘ಹಾರ್ನ್ ಕಟ್ಟರ್’ ಅಂತ ಬರ್ದು ಕಳಿಸ್ಬುಟ್ರು. ಮೂರು ಜನ ಆಫೀಸರು ಸೈನು ಹಾಕಿದ್ರು. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ಕಣ್ರೀ ಅವ್ರೆಲ್ಲ.

“ಸ್ವಾಮಿ, ನಂಗೆ ದನ ಅಂದ್ರೆ ಜೀವ ಬಾಯಿಗೆ ಬತ್ತದೆ” ಅಂದೆ. ಸುಳ್ಳಲ್ಲ. ಅರವತ್ತಡಿ ಮರದ ತುದೀಲಿ ಬೀಡಿ ಸೇದ್ತೀನಿ, ಕರು ಎದುರಿಗೆ ಬಂದ್ರೆ ಬೇಲಿ ಹಾರ್ತೀನಿ.

ಸುಬ್ಬರಾಮಯ್ಯನೋರು ಕನ್ನಡಕ ತೆಗೆದು ಒರೆಸ್ಕೊಂಡ್ರು. “ನೋಡೋ ಮುನಿಯಲ್ಲಪ್ಪ, ತಪ್ಪಾಗಿದೆ ನಿಜ. ತಿದ್ದೋಕೆ ಹೋದ್ರೆ ಪೋಸ್ಟೇ ಹೋಗುತ್ತೆ. ಮರ ಕಡಿಯೋನಿಗೆ ದಿನಗೂಲಿ, ಕೊಂಬು ಕಡಿಯೋನಿಗೆ ಸ್ಕೇಲು. ವರ್ಷಕ್ಕೊಂದು ಇಂಕ್ರಿಮೆಂಟು. ಹತ್ತು ವರ್ಷಕ್ಕೆ ಹೆಡ್ ಹಾರ್ನ್ ಕಟ್ಟರ್. ಆಮೇಲೆ ಸೂಪರ್‌ವೈಸರ್, ಬರೀ ಕೊಂಬು ಎಣಿಸಿದ್ರೆ ಸಾಕು. ಕೊನೇಲಿ ಪಿಂಚಣಿ. ನಿನಗೇನು ಬೇಕು ಹೇಳು.”

ಪಿಂಚಣಿ ಅಂದ ತಕ್ಷಣ ನನ್ನ ಹೆಂಡ್ತಿ ಚೆಲುವಮ್ಮನ ಮಕ ಕಣ್ಮುಂದೆ ಬಂತು. ನಾನು ಮರ ಹತ್ತಿದ್ ದಿನ ಅವ್ಳು ಸಾಯಂಕಾಲದಗಂಟ ಉಣ್ತಿರ್ಲಿಲ್ಲ. “ಹಾರ್ನೇ ಇರ್ಲಿ ಸ್ವಾಮಿ” ಅಂದೆ.

ಪರ್ಮನೆಂಟ್ ಆಗೋಕೆ ಒಂದು ರೂಲ್ಸು ಇತ್ತು. ಎರಡು ವರ್ಷ ಕೆಲ್ಸ ಮಾಡಿ ತೋರಿಸ್ಬೇಕು, ಎಷ್ಟು ಕೊಂಬು ಕಡಿದೆ ಅಂತ ರಿಜಿಸ್ಟರಲ್ಲಿ ಬರೀಬೇಕು. ನಮ್ಮ ಸೀಮೆ ರೈತ ಎತ್ತಿನ ಕೊಂಬಿಗೆ ಹಿತ್ತಾಳೆ ಕಳಸ ಹಾಕಿ ಮೆರೆಸೋನು, ಕುಯ್ಯೋಕೆ ಕೊಡ್ತಾನಾ? ನನ್ನೇ ಕುಯ್ದು ಹಾಕ್ತಾನೆ. ಸುಬ್ಬರಾಮಯ್ಯನೋರು ಅದಕ್ಕೂ ದಾರಿ ಹುಡುಕಿದ್ರು. ನಾನು ದಿನಾ ಕಡಿಯೋ ಮರದ ಕೊಂಬೆ ಎಣಿಸಿ, ತಮಿಳಲ್ಲಿ ‘ಕೊಂಬು ಇಷ್ಟು’ ಅಂತ ಬರ್ಕೊಂಡ್ರು. ಸುಳ್ಳು ಒಂದಕ್ಷರ ಇಲ್ಲ. ಎರಡು ವರ್ಷಕ್ಕೆ ಲೆಕ್ಕ ಹಾಕಿದ್ರೆ ಆರ್ನೂರ ನಲವತ್ತೊಂದು.

ಆಡಿಟ್ ಮಾಡೋಕೆ ಸೇಲಂ ಕಡೆಯಿಂದ ಒಬ್ರು ಬಂದ್ರು. ಅಪ್ಪಟ ತಮಿಳ್ನೋರು, ಕೊಂಬು ಅಂದ್ರೆ ಮರದ ಕೊಂಬೇನೂ ಹೌದು ಅಂತ ಹುಟ್ಟಿದಾಗಿಂದ ಗೊತ್ತಿರೋರು. ಆದ್ರೆ ಫೈಲಿನ ಮ್ಯಾಲೆ ಇಂಗ್ಲಿಷಲ್ಲಿ ‘ಹಾರ್ನ್’ ಅಂತ ಕಂಡ್ಮೇಲೆ ತಮಿಳ್ನೋರಿಗೂ ತಮಿಳು ಮರ್ತೋಯ್ತದೆ. ಅಷ್ಟೂ ಕೊಂಬು ನೋಡಿ ಆ ಮನುಷ್ಯನಿಗೆ ಆಶ್ಚರ್ಯ ಆಗ್ಲಿಲ್ಲ. ಬರೋಬ್ಬರಿ ಅರ್ಧ ಗಂಟೆ ಲೆಕ್ಕ ಹಾಕಿ, ಪೆನ್ಸಿಲ್ ಕೆಳಗಿಟ್ಟು, “ಇನ್ನೊರು ಕೊಂಬು ಎಂಗೇಯ್ಯಾ?” ಅಂದ್ರು. ಇನ್ನೊಂದು ಕೊಂಬು ಎಲ್ಲಿ ಅಂತ. ದನಕ್ಕೆ ಎರಡು ಕೊಂಬು. ಮುನ್ನೂರ ಇಪ್ಪತ್ತು ದನಕ್ಕೆ ಆರ್ನೂರ ನಲವತ್ತು. ಮಿಕ್ಕಿದ್ದೊಂದು ಯಾವ ದನದ್ದು? ಆ ದನ ಒಂಟಿ ಕೊಂಬಲ್ಲಿ ಓಡಾಡ್ತಾ ಇರ್ಬೇಕಲ್ಲ, ತೋರ್ಸಿ.

ನಾನು ಬಾಯಿ ಬಿಡೋಕೆ ಹೋದೆ. ಸುಬ್ಬರಾಮಯ್ಯನೋರು ಮೇಜಿನ ಕೆಳಗೆ ನನ್ನ ಕಾಲು ತುಳಿದ್ರು. “ಇದೆ ಸಾರ್, ಕೆಲಮಂಗಲದಲ್ಲಿ” ಅಂದೇಬುಟ್ರು.

ಇತ್ತು, ಅದೇ ನಮ್ಮ ಕರ್ಮ. ಕೆಲಮಂಗಲದ ಬೋರಯ್ಯನ ಎತ್ತು ಲಾರಿಗೆ ಗುದ್ದಿ ಬಲಗಡೆ ಕೊಂಬು ಬುಡಕ್ಕೇ ಮುರ್ಕೊಂಡಿತ್ತು. ಊರೋರೆಲ್ಲ ಅದನ್ನ ಮೊಂಡ ಅಂತಿದ್ರು. ಆಡಿಟರು ಜೀಪಲ್ಲಿ ಹೋಗಿ ಮೊಂಡನ್ನ ಕಣ್ಣಾರೆ ನೋಡಿ, ಟೇಪು ಹಿಡಿದು ಉಳಿದ ಕೊಂಬು ಅಳೆದ್ರು. ತುಂಬಾ ಸಮಾಧಾನ ಆಯ್ತು ಅವ್ರಿಗೆ. ಫೈಲಲ್ಲಿ ಬರ್ದ್ರು: ‘ಒಂದು ಕೊಂಬು ಬಾಕಿ. ಅದನ್ನು ಕಡಿದು ಹಾಜರುಪಡಿಸಿದ ಕೂಡಲೇ ಕಾಯಂ ಮಾಡಬಹುದು. ಅಲ್ಲಿಯವರೆಗೆ ಸದರಿ ಎತ್ತು ಜೀವಂತ ಇರುವ ಬಗ್ಗೆ ಪ್ರತಿ ತಿಂಗಳು ವರದಿ ಕಳಿಸತಕ್ಕದ್ದು.’

ಬೋರಯ್ಯನ ಹತ್ರ ಹೋದೆ. ಅವ್ನು ಪೂರಾ ಕೇಳಿ, ಎಲೆ ಅಡಿಕೆ ಉಗಿದ. “ಏನ್ಲಾ, ಆಫೀಸು ಸೇರ್ಕೊಂಡ ಮ್ಯಾಲೆ ನಿಂಗೇ ಕೊಂಬು ಬಂದೈತಾ? ಇರೋ ಒಂದ್ ಕೊಂಬಲ್ಲಾದ್ರೂ ಅದು ಮರ್ವಾದೆಯಾಗಿ ಬಾಳ್ಲಿ. ನಡಿಯಲಾ ಆ ಕಡೆ!” ನಂಗೂ ಒಳಗೊಳಗೇ ಸಂತೋಷ ಆಯ್ತು. ಮೊಂಡ ನನ್ನ ನೋಡಿ ಬುಸ್ ಅಂದಿತ್ತು.

ಹಂಗೆ ಶುರುವಾಯ್ತು. ಎಪ್ಪತ್ತೇಳರಿಂದ ಪ್ರತಿ ಭಾನುವಾರ ನಾನು ಕೆಲಮಂಗಲಕ್ಕೆ ಹೋಗಿ ಮೊಂಡನ ಯೋಗಕ್ಷೇಮ ನೋಡ್ಬೇಕಿತ್ತು. ಅದು ಕಳೆದೋದ್ರೆ ನನ್ನ ಫೈಲು ಕ್ಲೋಸು. ಬೋರಯ್ಯ ಅದನ್ನ ಸಂತೇಲಿ ಮಾರಿದ್ರೆ ನನ್ನ ಪಿಂಚಣೀನೂ ಜೊತೇಲಿ ಮಾರಿದಂಗೆ. ಮೊದ್ಲು ಬೇಲಿ ಆಚೆ ನಿಂತು ನೋಡ್ತಿದ್ದೆ. ಆಮೇಲೆ ಜೋಳದ ಸೊಪ್ಪು ತಗಂಡೋಗಿ ಬೇಲಿ ಮ್ಯಾಲಿಂದ ಎಸೀತಿದ್ದೆ. ಆಮೇಲೆ ಕೈಯಲ್ಲೇ ತಿನ್ನಿಸ್ತಿದ್ದೆ. ಗಂಟಲ ಕೆಳಗೆ ಜೋಲೋ ಗಂಗೆದೊಗಲು ಕೆರೆದ್ರೆ ಕತ್ತು ಚಾಚ್ತಿತ್ತು ಬಡ್ಡೀಮಗಂದು. “ನೀನು ನನ್ನ ಒಂದಿನ ಬಸ್ ಸ್ಟಾಂಡಿಗೆ ಕಳಿಸಾಕೆ ಬಂದಿಲ್ಲ, ಅದಕ್ಕೆ ಸೊಪ್ಪು ಹೊರ್ತೀಯ” ಅಂತ ಚೆಲುವಮ್ಮ ರೇಗ್ತಿದ್ಲು. ಬೋರಯ್ಯನೂ ಹೋಗ್ತಾ ಹೋಗ್ತಾ ಮೆತ್ತಗಾದ. ಹೋದಾಗೆಲ್ಲ ಮುದ್ದೆ ಉಣ್ಣಿಸ್ತಿದ್ದ.

ಎಂಬತ್ಮೂರರ ಜನವರೀಲಿ ಹೊಸ ಆರ್ಡರ್ ಬಂತು. ಮಾರ್ಚ್ ಮುಗಿಯೋದ್ರೊಳಗೆ ಕಾಯಂ ಆಗ್ದೆ ಇರೋರ್ನೆಲ್ಲ ತೆಗೆದು ಹಾಕ್ಬೇಕು. ನಂಗಾಗ ಐವತ್ತೊಂದು. ಮೊಣಕಾಲು ಹಗ್ಗದ ಮಾತು ಕೇಳ್ತಿರ್ಲಿಲ್ಲ. ದಿನಗೂಲಿಗೂ ಯಾರು ಕರೀತಾರೆ? ಸುಬ್ಬರಾಮಯ್ಯನೋರು ಬಾಗಿಲು ಹಾಕಿ, “ಮುದಿ ಎತ್ತು ಅದು, ಬೋರಯ್ಯನ ಕಾಲಿಗಾದ್ರೂ ಬೀಳು” ಅಂದ್ರು. ಬಿದ್ದೆ. ಬೋರಯ್ಯ ನನ್ನ ರಟ್ಟೆ ಹಿಡಿದು ಎಬ್ಬಿಸ್ದ. “ಬದ್ಕಿರೋವಾಗ ಬ್ಯಾಡ ಕಣ್ಲಾ ಮುನಿಯಲ್ಲ. ರಕ್ತ ಬತ್ತದೆ. ಸತ್ಮೇಲೆ ನೀನೇ ತಗೊ” ಅಂದ.

ಸತ್ಮೇಲೆ. ಆ ಮಾತು ನನ್ನ ಕಿವಿ ಬಿಟ್ಟು ಹೋಗ್ಲೇ ಇಲ್ಲ. ವಾಪಸ್ ಬರೋವಾಗ ಬೋರಯ್ಯನ ಹೊಲದ ತಲೆಕಡೆ ಮುನೇಶ್ವರನ ಕಲ್ಲು ಕಾಣ್ತು. ಸುತ್ತ ಯಾರೂ ಇಲ್ಲ ಅಂತ ನೋಡ್ಕೊಂಡು ನಿಂತೆ. “ಅಪ್ಪಾ, ಮಾರ್ಚ್ ಒಳಗೆ ಆ ಎತ್ತನ್ನ ನಿನ್ನ ಪಾದಕ್ಕೆ ಕರ್ಕೊ. ನೂರೊಂದು ತೆಂಗಿನಕಾಯಿ ಹೊಡೀತೀನಿ” ಅಂದ್ಬುಟ್ಟೆ. ಥೂ ನನ್ನ ಜನ್ಮಕ್ಕೆ. ಮುಂದಿನ ಭಾನುವಾರ ಸೊಪ್ಪಿನ ಕಟ್ಟು ದೊಡ್ಡದು ತಗಂಡೋದೆ. ಮೊಂಡ ನನ್ನ ಅಂಗೈ ನೆಕ್ತು.

ಮಾರ್ಚ್ ಹನ್ನೆರಡಕ್ಕೆ ಮೊಂಡ ಸತ್ತೋಯ್ತು. ಕಾಯಿಲೆ ಕಸಾಲೆ ಏನಿಲ್ಲ, ಮೇವು ಬಿಟ್ಟು ಮಲಗ್ತು, ಏಳ್ಲಿಲ್ಲ. ಸುದ್ದಿ ಬಂದಾಗ ನಾನು ಗರಗಸ ತಗೊಂಡೇ ಬಸ್ಸು ಹತ್ತಿದೆ. ಬೋರಯ್ಯ ಗುಂಡಿ ತೋಡ್ಸಿ ಕಾಯ್ತಾ ಕುಂತಿದ್ದ. “ನಿಂಗೋಸ್ಕರಾನೇ ನಿಲ್ಸಿದೀನಿ” ಅಂದ. ಕುಯ್ದೆ. ನನ್ನ ಇಡೀ ಸರ್ವೀಸಿನಾಗೆ ನಾನು ಕುಯ್ದ ಒಂದೇ ಒಂದು ದನದ ಕೊಂಬು ಅದು.

ಆಡಿಟರು ಕೊಂಬಿಗೆ ಚೀಟಿ ಅಂಟಿಸಿ ಬೀರೂನಲ್ಲಿಟ್ರು. ಆರ್ನೂರ ನಲವತ್ತೆರಡು, ಲೆಕ್ಕ ಸರಿಹೋಯ್ತು. ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಕಾಯಂ ಆರ್ಡರ್ ಕೈಗೆ ಬಂತು. ಚೆಲುವಮ್ಮ ಆರ್ಡರ್ನ ದೇವರ ಗೂಡಲ್ಲಿಟ್ಟು ಅತ್ಲು, ಪಾಯಸ ಮಾಡಿದ್ಲು. ಎರಡು ಸಲ ಹಾಕಿಸ್ಕೊಂಡು ಉಂಡೆ. ನಂಗೆ ಬೋ ಖುಷಿ ಆಗಿತ್ತು, ಯಾಕೆ ಸುಳ್ಳು ಹೇಳ್ಲಿ.

ಹರಕೆ ಅಂದ್ರೆ ಹರಕೆ, ಮುನೇಶ್ವರನ ಹತ್ರ ಸಾಲ ಇಟ್ಕೊಳೋಕಾಯ್ತದಾ? ಗೋಣಿಚೀಲದಲ್ಲಿ ಕಾಯಿ ತುಂಬ್ಕೊಂಡು ಎತ್ತಿನ ಗಾಡಿ ಮಾಡ್ಕೊಂಡು ಹೋದೆ. ಬೋರಯ್ಯ ಮನೇಲಿ ಇಲ್ದಿರೋ ಹೊತ್ತು ನೋಡ್ಕೊಂಡೇ ಹೋಗಿದ್ದೆ. ಮೂವತ್ತು ಕಾಯಿ ಹೊಡೆದಿದ್ದೆನೇನೋ, ಹಿಂದ್ಗಡೆ ಅವ್ನೇ ಬಂದು ನಿಂತವ್ನೆ. ಕಲ್ಲಿನ ಸುತ್ತ ರಾಶಿ ಬಿದ್ದ ಚಿಪ್ಪು ನೋಡ್ದ, ನನ್ನ ನೋಡ್ದ. ಕಣ್ಣಲ್ಲಿ ನೀರು ತುಂಬ್ಕೊಂಡ.

“ಮೊಂಡನಿಗಾ?” ಅಂದ.

“ಹೂಂ” ಅಂದೆ.

“ಹೆತ್ತ ಮಕ್ಳೂ ಹಿಂಗ್ ಮಾಡಾಕಿಲ್ಲ ಕಣ್ಲಾ” ಅಂದ್ಬುಟ್ಟು ಪಂಚೆ ಮೇಲಕ್ಕೆ ಕಟ್ಟಿ, ಚೀಲದಿಂದ ಕಾಯಿ ತೆಗೆದು ತೆಗೆದು ನನ್ನ ಕೈಗೆ ಕೊಡ್ತಾ ಹೋದ. ಮಿಕ್ಕಿದ್ದಷ್ಟೂ ಅವ್ನು ಕೊಟ್ಟ, ನಾನು ಹೊಡೆದೆ.