ಊರಮ್ಮನ ಎಲ್ಲೆಯಾಚೆಯ ಬಿಯರು

“ನಿಮ್ ಮಾವ ಪೂನಾದಾಗ ಕುಂತು ಬಿಯರ್ ಮೂಸಿ ನೋಡಾಕತ್ತಾರಂತಲೇ!”

ಮಧುಮತಿ ಇದನ್ನು ಹೇಳಿದಾಗ ನನ್ನ ಬಾಯಲ್ಲಿ ಇಡೀ ಪಾನಿಪೂರಿ ಇತ್ತು. ಶನಿವಾರ ಸಂಜೆ, ಬಿಟಿಎಂ ವಾಟರ್ ಟ್ಯಾಂಕಿನ ಹತ್ತಿರ ನಿಂತಿದ್ದೆವು. ಪಾನಿ ಮೂಗಿಗೆ ಹತ್ತಿ ನನ್ನ ಕಣ್ಣಲ್ಲಿ ನೀರು ಬಂತು.

“ಯಾವ ಮಾವನೇ?”

“ನಿನಗ ಎಷ್ಟ್ ಮಂದಿ ಮಾವ ಅದಾರ? ಶಿವರಾಮ್ ಮಾವ! ಪೂನಾದಾಗ ಇರೋ ನಮ್ಮಣ್ಣ ಗುರುಸಿದ್ದ ಇವತ್ತ ಮಧ್ಯಾಹ್ನ ಅಲ್ಲೇ ಆಫೀಸ್ ಪಾರ್ಟಿಗೆ ಹೋಗಿದ್ನಂತ. ಒಂದ್ ಕಟ್ಟಿಗಿ ಮ್ಯಾಲ ನಾಕು ಸಣ್ಣ ಗ್ಲಾಸ್ ಇಟ್ಕೊಂಡು, ಒಂದೊಂದ ಎತ್ತಿ ಮೂಸಿ, ಕಣ್ಣ ಮುಚ್ಚಿ, ಸಂಗೀತ ಕೇಳೋರಗತೆ ತಲಿ ಅಲ್ಲಾಡಸಾಕತ್ತಿದ್ರಂತ.”

“ಬೇರೆ ಯಾರೋ ಇರ್ಬೇಕು ಬಿಡೇ.”

“ದೀಪಾವಳಿಗೆ ನಿಮ್ಮನಿಯಾಗ ಕುಂತು ಎಂಟ್ ಹೋಳಿಗಿ ತಿಂದಾನ ನಮ್ಮಣ್ಣ. ಬಡಿಸಿದವರ ಮಾರಿ ಮರೀತಾನೇನು?”

ನಾನು ಬಿದ್ದು ಬಿದ್ದು ನಕ್ಕೆ. ಪಾನಿಪೂರಿಯವನೂ ಏನೂ ತಿಳಿಯದೆ ನಕ್ಕ. ಮಧುಮತಿ ಮಾತ್ರ ನಗು ನಿಲ್ಲಿಸಿ, “ರಾಜಶ್ರೀ ಅಕ್ಕಗ ಹೇಳಬ್ಯಾಡ ಮತ್ತ” ಅಂದಳು. ಆಗ ನನ್ನ ನಗುವೂ ನಿಂತಿತು.

ಸುದ್ದಗುಂಟೆಪಾಳ್ಯದ ನಮ್ಮ ಮನೆಯಲ್ಲಿ ಕೆಳಗೆ ಅಜ್ಜಿ, ಶಿವರಾಮ್ ಮಾವ, ರಾಜಶ್ರೀ ಅತ್ತೆ. ಮೊದಲ ಮಹಡಿಯಲ್ಲಿ ಅಪ್ಪ, ಅಮ್ಮ, ನಾನು. ಅದರ ಮೇಲೆಲ್ಲ ಬಾಡಿಗೆಯವರು, ಮಧುಮತಿಯೂ ಅವರಲ್ಲಿ ಒಬ್ಬಳು. ಅತ್ತೆ ಕೂಡ ಮೊದಲು ಬಾಡಿಗೆಗೇ ಬಂದವಳು. ಗದಗದಿಂದ ಬಂದು ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ರೂಮಿನ ನಲ್ಲಿಯನ್ನು ಮಾವ ಎಷ್ಟು ಸಲ ರಿಪೇರಿ ಮಾಡಿದನೆಂದರೆ, ಕೊನೆಗೆ ಅಜ್ಜಿಯೇ “ಮದ್ವೆ ಆಗಿ ಸಾಯ್ಲಾ, ಆ ನಲ್ಲೀನಾದ್ರೂ ಬದುಕ್ಲಿ” ಅಂದಳಂತೆ.

ಮದುವೆಯಾದ ಮರುವರ್ಷ, ಜೆಪಿ ನಗರದ ಒಂದು ರಿಸೆಪ್ಷನ್ನಿನಿಂದ ವಾಪಸ್ ಬರುವಾಗ ಮಾವ ಕುಡಿದಿದ್ದ. ಹಿಂದೆ ಅತ್ತೆ ಕೂತಿದ್ದಳು. ರಿಂಗ್ ರೋಡಿನ ಡಿವೈಡರಿಗೆ ಬೈಕ್ ಹೊಡೆಯಿತು. ಅವನಿಗೆ ಒಂದು ಗೀರೂ ಆಗಲಿಲ್ಲ. ಅವಳ ಬಲಗೈ ಮಣಿಕಟ್ಟು ಮುರಿದು ಒಳಗೆ ಸ್ಟೀಲ್ ಪ್ಲೇಟ್ ಹಾಕಬೇಕಾಯಿತು. ಹಪ್ಪಳದಷ್ಟು ತೆಳ್ಳಗೆ ಜೋಳದ ರೊಟ್ಟಿ ಬಡಿಯುತ್ತಿದ್ದವಳು ಅಂದಿನಿಂದ ಬಿಟಿಎಮ್ಮಿನ ಖಾನಾವಳಿಯಿಂದ ರೊಟ್ಟಿ ತರಿಸಿಕೊಳ್ಳುತ್ತಾಳೆ. ಕೈಗೆ ಪಟ್ಟಿ ಇದ್ದಾಗಲೇ ಸೂಟ್‌ಕೇಸ್ ತೆಗೆದುಕೊಂಡು ಗದಗಕ್ಕೆ ಹೊರಟುಹೋಗಿದ್ದಳು.

ಅವಳನ್ನು ವಾಪಸ್ ಕರೆತಂದಿದ್ದು ಒಂದು ಆಣೆ. ನಮ್ಮ ಊರಮ್ಮನ ಗುಡಿಯಲ್ಲಿ ಮಾವ ಅಂಗೈ ಮೇಲೆ ಕರ್ಪೂರ ಹಚ್ಚಿಕೊಂಡು ನಿಂತ. ಅಜ್ಜಿ ಒಂದೊಂದೇ ಮಾತು ಹೇಳಿಕೊಟ್ಟಳು, ಅವನು ಹೇಳಿದ: “ತಾಯೀ, ನಿನ್ನ ಎಲ್ಲೆ ಒಳಗೆ ಇನ್ನು ಕುಡಿಯಲ್ಲ.” ಅತ್ತೆ ಪಕ್ಕದಲ್ಲಿ ಕೈ ಮುಗಿದು ನಿಂತಿದ್ದಳು. ಅದನ್ನು ನಂಬಿ ಉಳಿದಳು. ಆಗಲೇ ಮೂರು ವರ್ಷವಾಗಿತ್ತು.

ಈಗ, ಎರಡು ಸಾವಿರದ ಒಂಬತ್ತರ ಈ ಕೊನೆಯಲ್ಲಿ, ಅವಳ ಕಂಪನಿ ಹುಬ್ಬಳ್ಳಿಯಲ್ಲಿ ಬ್ರಾಂಚ್ ತೆರೆದು ಪ್ರಮೋಷನ್ ಕೊಟ್ಟು ಕರೆಯುತ್ತಿತ್ತು. ಸೋಮವಾರ ಉತ್ತರ ಹೇಳಬೇಕಿತ್ತು. “ಇಲ್ಲೇ ಛಲೋ ಐತಿ, ಬ್ಯಾಡ ಅಂತೀನಿ” ಎಂದು ಗುರುವಾರ ಊಟಕ್ಕೆ ಕೂತಾಗ ಎಲ್ಲರೆದುರೂ ಹೇಳಿದ್ದಳು. ಮಾವ ಖುಷಿಯಲ್ಲಿ ಎರಡು ಮುದ್ದೆ ಜಾಸ್ತಿ ತಿಂದಿದ್ದ. ಮರುದಿನವೇ ತನ್ನ ಸೋಲಾರ್ ಹೀಟರ್ ಏಜೆನ್ಸಿಯ ಮೀಟಿಂಗ್ ಎಂದು ಪೂನಾ ಬಸ್ಸು ಹತ್ತಿದ್ದ.

ಭಾನುವಾರ ಬೆಳಿಗ್ಗೆ ಅವನು ವಾಪಸ್ ಬಂದಾಗ ನಾನು ಸುಮ್ಮನಿರಬೇಕಿತ್ತು. ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅವನು ಸ್ನಾನ ಮುಗಿಸಿ ನೀರಿನ ಟ್ಯಾಂಕ್ ನೋಡಲು ತಾರಸಿಗೆ ಹೋದ, ನಾನೂ ಹಿಂದೆಯೇ ಹೋದೆ. ಅಲ್ಲಿ ಅಜ್ಜಿ ಮೊಳಕೆ ಕಟ್ಟಿದ ರಾಗಿಯನ್ನು ಹಳೆ ಸೀರೆಯ ಮೇಲೆ ಹರಡುತ್ತಿದ್ದಳು. ಅಜ್ಜಿಗೆ ಕಿವಿ ಮಂದ ಎಂದೇ ನಾವೆಲ್ಲ ಅಂದುಕೊಂಡಿದ್ದೆವು.

“ಮಾವ, ಮೀಟಿಂಗ್ ಹೇಗಿತ್ತು?”

“ಸಖತ್ತಾಗಿತ್ತು ಕಣೆ.”

“ನಾಲ್ಕು ಗ್ಲಾಸೂ ಸಖತ್ತಾಗಿತ್ತಾ?”

ಅವನು ಟ್ಯಾಂಕಿನ ಮುಚ್ಚಳ ಹಿಡಿದುಕೊಂಡೇ ನಿಂತ.

“ಯಾರೇ ಹೇಳಿದ್ದು?”

“ಗುರುಸಿದ್ದ. ಮಧುಮತಿ ಅಣ್ಣ.”

“ಅವನಾ! ಮೂಲೆ ಟೇಬಲ್ಲಲ್ಲಿ ಕೂತು ಗುರಾಯಿಸ್ತಿದ್ದ ನನ್ಮಗ. ಗುರುತು ಸಿಗ್ದೆ ಯಾವನೋ ಪೊಲೀಸ್ನೋನು ಅಂದ್ಕೊಂಡು ನಾನೇ ಬೇಗ ಎದ್ಬಂದೆ.” ಆಮೇಲೆ ಮೆಟ್ಟಿಲ ಕಡೆ ನೋಡಿ, “ನಿಮ್ಮತ್ತೆಗೆ ಗೊತ್ತಾ?” ಅಂದ.

“ಇಲ್ಲ.”

ಅವನ ಮುಖಕ್ಕೆ ಜೀವ ಬಂತು. ನಾಚಿಕೆ ಪಟ್ಟುಕೊಳ್ಳುತ್ತಾನೆ ಎಂದುಕೊಂಡಿದ್ದರೆ, ಎಕ್ಸಿಬಿಷನ್ ನೋಡಿ ಬಂದ ಹುಡುಗನ ಹಾಗೆ ಶುರು ಮಾಡಿದ.

“ಎದುರಿಗೇ ತಾಮ್ರದ ಹಂಡೆ ಇಟ್ಟಿದಾರೆ ಕಣೆ, ನಮ್ಮ ಬಚ್ಚಲ ಹಂಡೆ ಹತ್ತು ಸೇರಿದ್ರೆ ಅಷ್ಟಿದೆ. ಅಲ್ಲೇ ಕುದಿಸಿ, ಅಲ್ಲೇ ಹುಳಿ ಬರಿಸಿ, ಅಲ್ಲೇ ಬಗ್ಗಿಸಿ ಕೊಡೋದು. ಬಾಟ್ಲಿ ಬಿಯರು ಅದರ ಮುಂದೆ ಪಾತ್ರೆ ತೊಳೆದ ನೀರು. ಒಂದು ಕಿತ್ಲೆ ಸಿಪ್ಪೆ ವಾಸ್ನೆ ಬರುತ್ತೆ. ಇನ್ನೊಂದು ಕಪ್ಪಗಿರತ್ತೆ, ಅದನ್ನ ಮೂಸಿದ್ರೆ…” ಬಗ್ಗಿ ಒಂದು ಚಿಟಿಕೆ ರಾಗಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ. “ಇದನ್ನ ಒಣಗಿಸಿ ಹುರೀತಾರಲ್ಲ, ಥೇಟ್ ಆ ಘಮ. ಬೆಂಗಳೂರಲ್ಲಿ ಇಷ್ಟು ಬಾರಿದೆ, ಒಬ್ಬನಾದ್ರೂ ಹಾಗೆ ಮಾಡ್ತಾನಾ?”

“ರಾತ್ರಿಯೆಲ್ಲ ಬಸ್ಸಲ್ಲಿ ಕೂತು ರಾಗಿ ವಾಸ್ನೆ ನೋಡಕ್ಕೆ ಹೋಗ್ತೀಯಾ?”

“ಎರಡು ಗ್ಲಾಸಿನ ಮೇಲೆ ಮುಟ್ಟಲ್ಲ. ಆ ಸಣ್ಣ ನಾಲ್ಕು ಸೇರಿದ್ರೆ ಒಂದು. ಬಸ್ಸಲ್ಲಿ ಹೋಗಿ ಬಸ್ಸಲ್ಲೇ ಬರ್ತೀನಿ.”

“ಮತ್ತೆ ಆಣೆ?”

“ಆಣೆ ಎಲ್ಲಿ ಮುರಿದೆ? ಎಲ್ಲೆ ಒಳಗೆ ಕುಡಿಯಲ್ಲ ಅಂದಿದ್ದು. ಮೂರು ವರ್ಷದಲ್ಲಿ ಅದರೊಳಗೆ ಒಂದು ತೊಟ್ಟು ಕುಡಿದಿದ್ರೆ ಆ ತಾಯಿ ನನ್ನ ಕಣ್ಣು ಕಿತ್ಕೊಳ್ಲಿ.”

“ಹಾಗಾದ್ರೆ ಹೊಸೂರಿಗೆ ಹೋಗ್ಬಹುದಿತ್ತಲ್ಲ, ಪಕ್ಕದಲ್ಲೇ ಇದೆ.”

“ಹುಚ್ಚಿ. ಊರಮ್ಮಂಗೆ ಆರು ಜನ ಅಕ್ಕತಂಗೀರು. ಮಡಿವಾಳದ ಕಡೆ ಒಬ್ಳು, ಬೇಗೂರ್ ಕಡೆ ಒಬ್ಳು, ಹೊಸೂರ್ ರೋಡಲ್ಲಿ ಇನ್ನೊಬ್ಳು. ಒಬ್ಬಳು ನೋಡಿದ್ರೆ ಇನ್ನೊಬ್ಬಳಿಗೆ ಹೇಳಲ್ವಾ? ಅದಕ್ಕೇ ಕನ್ನಡ, ತಮಿಳು, ತೆಲುಗು ಸೀಮೆ ಎಲ್ಲ ದಾಟಿ ಹೋಗೋದು.”

ನನಗೆ ಮತ್ತೆ ನಗು ಬರುತ್ತಿತ್ತು. ಅಷ್ಟರಲ್ಲಿ ಒಂದು ವಿಷಯ ಹೊಳೆಯಿತು.

“ಮಾವ, ಹೋದ ವರ್ಷ ನೀನು ವೈಷ್ಣೋದೇವಿಗೆ ಹೋಗಿದ್ಯಲ್ಲ.”

ಅವನು ಟ್ಯಾಂಕಿನ ಒಳಗೆ ಬಗ್ಗಿ ನೋಡಿದ. ನೀರು ತುಂಬಿ ಎಷ್ಟೋ ಹೊತ್ತಾಗಿತ್ತು.

“ಗುರ್‌ಗಾಂವಲ್ಲಿ ಒಂದು ಜಾಗ ಇದೆ ಅಂದ್ರು ಕಣೆ. ದಿಲ್ಲಿ ತನಕ ಹೋಗಿ…”

“ಪ್ರಸಾದ ತಂದಿದ್ದೆ!”

“ಅಲ್ಲಿ ರೈಲ್ವೆ ಸ್ಟೇಷನ್ ಹೊರಗೇ ಸಿಗುತ್ತೆ.”

ಆ ಪ್ರಸಾದವನ್ನು ಅತ್ತೆ ಮನೆಮನೆಗೂ ಹಂಚಿದ್ದಳು. ಅದರ ಜೊತೆ ಬಂದ ಕೆಂಪು ದಾರವನ್ನು ನೋವಿರುವ ಬಲಗೈಗೇ ಕಟ್ಟಿಕೊಂಡಿದ್ದಳು. ಈಗಲೂ ಅದು ಅಲ್ಲೇ ಇದೆ, ಬಣ್ಣ ಹೋಗಿ ಕಾಫಿ ಸೋಸುವ ಬಟ್ಟೆಯ ಥರ ಆಗಿದೆ.

“ಲೇ ಸಿವ, ಮೆಲ್ಲುಗ್ ಮಾತಾಡ್ಲಾ. ಕೆಳುಗ್ ಕೇಳ್ತದೆ,” ಅಂದಳು ಅಜ್ಜಿ, ರಾಗಿಯಿಂದ ತಲೆ ಎತ್ತದೆ.

ನಾವಿಬ್ಬರೂ ಬೆಚ್ಚಿಬಿದ್ದೆವು. “ಅಮ್ಮ, ನಿಂಗೆ ಕೇಳಿಸ್ತಿತ್ತಾ?” ಅಂದ ಮಾವ.

“ಕೇಳುಸ್ದೆ ಏನು. ಆಣೆ ಆಕ್ಸಿದ್ದು ನಾನಲ್ವಾ? ಕುಡಿಯಾದೇ ಇಲ್ಲ ಅಂತ ಪೂರ್ತಿ ಆಕ್ಸಿದ್ರೆ ನೀನ್ ಮುರೀತಿದ್ದೆ. ಅದ್ಕೇ ಎಲ್ಲೆ ಅಂತ ಸೇರುಸ್ದೆ. ನಿಮ್ಮಪ್ಪಂಗೂ ನಮ್ಮತ್ತೆ ಇಂಗೇ ಆಕ್ಸಿದ್ಲು.” ಅಜ್ಜಿ ನನ್ನ ಕಡೆ ತಿರುಗಿ ಬೊಚ್ಚುಬಾಯಿ ಬಿಟ್ಟು ನಕ್ಕಳು. “ನಿಮ್ಮ ತಾತ ಚಿಕ್ಕಬೈರಪ್ಪ ಬೇಗೂರ್ ದಾಟ್ಕಂಡು ಆಚೆಗಂಟ ನಡ್ಕಂಡೋಗಿ ಎಂಡ ಕುಡಿಯೋದು. ವಾಪಸ್ ನಡ್ಕಂಡ್ ಬರೋ ಒತ್ಗೆ ಎಲ್ಲ ಇಳ್ದೋಗಿರೋದು. ಎಂಡ್ರುಗೆ ಒದಿಯೋಕೆ ಕಾಲಲ್ಲಿ ಸಕ್ತಿನೇ ಇರ್ತಿರ್ಲಿಲ್ಲ. ಇವ್ನು ಪೂನಾಗಂಟ ಓಯ್ತಾನೆ ಅಂತ ನಾನೇನ್ ಕನಸ್ ಕಂಡಿದ್ನಾ?”

ಮಾವನೂ ನಕ್ಕ, ನಾನೂ ನಕ್ಕೆ. ನಗುತ್ತಲೇ ತಿರುಗಿದೆ. ಮೆಟ್ಟಿಲ ಬಾಗಿಲಲ್ಲಿ ಅತ್ತೆ ಎಷ್ಟು ಹೊತ್ತಿನಿಂದಲೋ ಕಾಫಿ ಲೋಟ ಹಿಡಿದು ನಿಂತಿದ್ದಳು.

ಅವಳು ಕೂಗಾಡಲಿಲ್ಲ. ಲೋಟವನ್ನು ಜೋಪಾನವಾಗಿ ಗೋಡೆಯ ಮೇಲಿಟ್ಟಳು.

“ಅಂದ್ರ ಅತ್ತಿ, ನಿಮಗ ಆವತ್ತ ಗೊತ್ತಿತ್ತು.”

“ನಿನ್ ಒಳ್ಳೇದುಕ್ಕೇ ಕಣವ್ವ. ಸಂಸಾರ ಉಳೀಲಿ ಅಂತ…”

“ಕೈ ಮುರದಿದ್ದು ನಂದ್ರಿ. ಆಣಿ ಹೆಂಗಿರಬೇಕಂತ ನನ್ನ ಒಂದ್ ಮಾತ ಕೇಳಿದ್ರೇನು? ಅವ್ವ ಮಗ ಕೂಡಿ ನಡುವ ಸಂದಿ ಬಿಟ್ಕೊಂಡ ಆಣಿ ಮಾಡಿದ್ರಿ. ನಾ ಮಗ್ಗಲದಾಗ ಕೈ ಮುಗದ ನಿಂತಿದ್ದೆ, ಹುಚ್ಚಿಗತೆ.”

“ರಾಜಿ, ಎರಡೇ ಗ್ಲಾಸು. ಗಾಡಿ ಮುಟ್ಟಲ್ಲ. ನಿನ್ನಾಣೆ…”

“ಆಣಿ ಸಾಕ್ರಿ ಇನ್ನ.” ಅವಳು ಮೊದಲ ಸಲ ಅವನ ಮುಖ ನೋಡಿದಳು. “ಎಷ್ಟ್ ಕುಡದ್ರಿ ಅಂತ ನಾ ಕೇಳಿಲ್ಲ. ವೈಷ್ಣೋದೇವಿಯಿಂದ ಬಂದ ದಿವಸ, ಮೆಟ್ಲ ಹತ್ತಿ ಹತ್ತಿ ಕಾಲ ನೋವು ಅಂದ್ರಿ. ಒಂದ್ ತಾಸ ಕಾಲ ಒತ್ತೇನಿ ನಾ. ಈ ಕೈಲೆ.”

ಅವಳು ತಿರುಗಿ ಮೆಟ್ಟಿಲಿಳಿದು ಹೋದಳು. ಕಾಫಿ ಕೆನೆ ಕಟ್ಟುತ್ತಿತ್ತು. ಸ್ವಲ್ಪ ಹೊತ್ತಿಗೆ ಕೆಳಗೆ ಗೇಟಿನ ಸದ್ದಾಯಿತು. ಬಗ್ಗಿ ನೋಡಿದರೆ ಅತ್ತೆ ಬ್ಯಾಗ್ ಹಿಡಿದು ಆಟೋ ಹತ್ತುತ್ತಿದ್ದಳು. ತ್ಯಾಗರಾಜನಗರದಲ್ಲಿ ಅವಳ ಚಿಕ್ಕಮ್ಮ ಉಮಾಮಹೇಶ್ವರಿಯವರ ಮನೆ ಇದೆ, ಅಲ್ಲಿಗೇ ಎಂದುಕೊಂಡೆವು.

“ಸಂಜೀಕೆ ಬತ್ತಾಳೆ ಬಿಡು,” ಅಂದಳು ಅಜ್ಜಿ. ಆದರೆ ಅವಳ ಕೈಯಲ್ಲಿದ್ದ ರಾಗಿ ಒಂದೇ ಕಡೆ ಗುಡ್ಡೆಯಾಗಿ ಬೀಳುತ್ತಿತ್ತು.

ಮಧ್ಯಾಹ್ನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮಾವ ಫೋನ್ ಮಾಡಿದಾಗಲೆಲ್ಲ ಅತ್ತೆ ಕಟ್ ಮಾಡಿದಳು. ಮೂರು ಗಂಟೆಯ ಹೊತ್ತಿಗೆ ಅಜ್ಜಿ ಒಂದು ಉಪಾಯ ತೆಗೆದಳು. ಹೊಸ ಆಣೆ ಹಾಕಿಸುವುದು, ಈ ಸಲ ಏಳೂ ಜನ ಅಕ್ಕತಂಗಿಯರ ಹೆಸರು ಹೇಳಿಸಿ, ಭೂಮಿಯ ಮೇಲೆ ಎಲ್ಲೂ ಕುಡಿಯಲ್ಲ ಅಂತ. ಮಾವ ಆಗಲೇ ಒಂದು ಡಬ್ಬಿ ಕರ್ಪೂರ ತಂದಿಟ್ಟುಕೊಂಡಿದ್ದ. ಅತ್ತೆ ನನ್ನ ಮೇಲೆ ಸಿಟ್ಟಾಗಿಲ್ಲವೆಂದು ಹೇಗೋ ಲೆಕ್ಕ ಹಾಕಿ ನನ್ನನ್ನೇ ಕಳಿಸಿದರು. ನಾನು ಸ್ಕೂಟಿ ಹತ್ತಿದೆ. ಜಯನಗರ ದಾಟುವಾಗ ಏನು ಹೇಳಬೇಕೆಂದು ಜೋರಾಗಿಯೇ ಪ್ರಾಕ್ಟೀಸ್ ಮಾಡುತ್ತಿದ್ದೆ. ಸಿಗ್ನಲ್ಲಿನಲ್ಲಿ ಒಬ್ಬ ಅಂಕಲ್ “ಏನಮ್ಮಾ?” ಅಂದರು.

ಚಿಕ್ಕಮ್ಮನ ಮನೆಯ ವರಾಂಡದಲ್ಲಿ ಅತ್ತೆ ಒಬ್ಬಳೇ ಕೂತಿದ್ದಳು. ನಾನು ಪ್ರಾಕ್ಟೀಸ್ ಮಾಡಿದ್ದೆಲ್ಲ ಮರೆತು, “ಅತ್ತೆ, ಈ ಸಲ ಭೂಮಿ ಮೇಲೆ ಎಲ್ಲೂ ಕುಡಿಯಲ್ಲ ಅಂತ ಆಣೆ ಮಾಡ್ತಾನಂತೆ!” ಎಂದುಬಿಟ್ಟೆ.

“ವಿಮಾನದಾಗ?” ಅಂದಳು ಅತ್ತೆ.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವಳ ನಗು ಅರ್ಧದಲ್ಲೇ ಬೇರೆ ಏನೋ ಆಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಒಂದ್ ಮಾತ ಹೇಳು ಚೈತ್ರಾ. ಅದು ಅಷ್ಟ್ ಛಲೋ ಇರತೈತೇನು?”

“ನಂಗೇನ್ ಗೊತ್ತು ಅತ್ತೆ. ಕಿತ್ಲೆ ಸಿಪ್ಪೆ ವಾಸ್ನೆ ಬರುತ್ತಂತೆ. ಇನ್ನೊಂದರಲ್ಲಿ ಹುರಿದ ರಾಗಿದಂತೆ.”

“ನಿನಗ ಹೇಳ್ಯಾರ.” ಅವಳು ಬೀದಿಯ ಕಡೆ ನೋಡಿದಳು. “ಗಿಡದಾಗ ಒಂದ್ ಹೊಸ ಮೊಗ್ಗಿ ಬಿಟ್ರ ನನ್ನ ಕರದು ತೋರಸೋ ಮನಶಾ. ಅಷ್ಟ್ ದೂರ ಹೋಗಿ, ಅಷ್ಟ್ ಛಲೋದ್ ಏನರ ಸಿಕ್ಕು, ಮನಿಗೆ ಬಂದ ನನ್ನ ಮುಂದ ಸೋಲಾರ್ ಹೀಟರ್ ಮಾತಾಡ್ಯಾರ. ಮೂರ್ ವರ್ಷ. ಯಾವ ಮಾತ ಖರೆ, ಯಾವುದ್ ಸುಳ್ಳು ಅಂತ ಈಗ ನಾ ಎಲ್ಲಿಂದ ಹುಡಕ್ಲಿ?”

“ಹುಬ್ಬಳ್ಳಿಗೆ ಹೋಗ್ತೀರಾ ಅತ್ತೆ?”

“ನಾಳೆ ಹತ್ತಕ್ಕ ಮ್ಯಾನೇಜರ್ ಕೇಳ್ತಾರ. ನಿನ್ನೆ ಕೇಳಿದ್ರ ಬ್ಯಾಡ ಅಂತಿದ್ದೆ. ಈಗ ಬಾಯಾಗ ಯಾವ ಮಾತ ಬರತೈತೋ ನನಗ ಗೊತ್ತಿಲ್ಲ.”

ಒಳಗಿನಿಂದ ಚಿಕ್ಕಮ್ಮ ಚಹಾ ತಂದು, ನಮ್ಮಿಬ್ಬರ ಮುಖ ನೋಡಿ, ಏನೂ ಕೇಳದೆ ವಾಪಸ್ ಹೋದರು. ಅತ್ತೆ ಚಹಾ ಆರುವವರೆಗೂ ಯೋಚನೆ ಮಾಡಿದಳು. ಆಮೇಲೆ ನೆಟ್ಟಗೆ ಕೂತಳು.

“ನಾಳೆ ಮುಂಜಾನೆ ಎಂಟೂವರಿಗೆ ಜಯನಗರ ನಾಕನೇ ಬ್ಲಾಕ್ ಬಸ್ ಸ್ಟ್ಯಾಂಡಿಗೆ ಬರಾಕ ಹೇಳು. ಒಬ್ರ ಬರಬೇಕು. ಅತ್ತಿ ಬ್ಯಾಡ, ದೇವ್ರೂ ಬ್ಯಾಡ. ಎಲ್ಲೆಲ್ಲಿ ಹೋಗಿದ್ರು, ಬಂದ ನನಗೇನ್ ಹೇಳಿದ್ರು, ಎಲ್ಲಾ ಮೊದಲಿಂದ ಹೇಳಬೇಕು. ನಡುವ ಒಂದ್ ಸುಳ್ಳ ಸಿಕ್ರೂ ನಾ ಎದ್ದ ಹೋಗ್ತೀನಿ. ಪೂರಾ ಕೇಳಿ ಆದಮ್ಯಾಲ ಆಫೀಸಿಗೆ ಹೋಗಿ ಉತ್ತರಾ ಕೊಡ್ತೀನಿ.”

“ಯಾವ ಉತ್ತರ?”

“ಕೇಳಿದಮ್ಯಾಲ ಅಂದೆನಲ್ಲ.”

ಗೇಟಿನ ಹೊರಗೆ ಬಂದು ಫೋನ್ ಮಾಡಿದೆ. ಒಂದು ರಿಂಗೂ ಪೂರ್ತಿ ಆಗುವ ಮೊದಲೇ ಮಾವ ಎತ್ತಿಕೊಂಡ. ಹಿಂದಿನಿಂದ ಅಜ್ಜಿ “ಏನಂದ್ಲಂತೆ, ಏನಂದ್ಲಂತೆ” ಎನ್ನುವುದು ಕೇಳುತ್ತಿತ್ತು. ಅತ್ತೆ ಹೇಳಿದ್ದನ್ನೆಲ್ಲ ಹೇಳಿದೆ.

“ಎಲ್ಲಾನೂ ಹೇಳ್ಬೇಕಂತಾ?” ಅಂದ. “ಇನ್ನೂ ಎರಡು ಊರಿದೆ ಕಣೆ, ನಿಂಗೂ ಹೇಳಿಲ್ಲ.”

“ನಂಗೆ ಹೇಳ್ಬೇಡ ಮಾವ.”

“ಹೇಳಿದ ಮೇಲೂ ಹುಬ್ಬಳ್ಳಿಗೇ ಹೋಗ್ತೀನಿ ಅಂದ್ರೆ?”

ನಾನು ಸ್ಕೂಟಿಯ ಸ್ಟ್ಯಾಂಡ್ ತೆಗೆದೆ.

“ಎಂಟೂವರೆ, ನಾಲ್ಕನೇ ಬ್ಲಾಕ್ ಬಸ್ ಸ್ಟ್ಯಾಂಡು,” ಅಂದೆ. “ಒಬ್ಬನೇ ಹೋಗು.”

“ಎಂಟಕ್ಕೇ ಹೋಗಿರ್ತೀನಿ ಅನ್ನು.”